ವಿಸ್ಪಿಯರ್ 7ರಿಂದ 8ಕ್ಕೆ: ಹಿಂದೆ ಬರುವ ದಾರಿ ಇಟ್ಟುಕೊಂಡೇ ಮುಂದೆ ಹೋಗಿ

ಕಾರಟಗಿ, ಗಂಗಾವತಿ ಕಡೆಯ ದೊಡ್ಡ ಅಕ್ಕಿ ಗಿರಣಿ ಇರಲಿ, ಗಿಣಿಗೇರಿ ಸುತ್ತಲಿನ ಸ್ಪಾಂಜ್ ಐರನ್ ಕಾರ್ಖಾನೆ ಇರಲಿ, ಬಳ್ಳಾರಿಯ ಆಸ್ಪತ್ರೆ ಇರಲಿ, ಸರ್ವರ್ ರೂಮಿನ ಬಾಗಿಲು ತೆಗೆದರೆ ಹೆಚ್ಚೂಕಡಿಮೆ ಒಂದೇ ನೋಟ. ಮೂರು ಸರ್ವರ್, ಒಂದು ಸ್ಟೋರೇಜ್ ಪೆಟ್ಟಿಗೆ, ಒಂದು ಯುಪಿಎಸ್, ಹಗಲು ರಾತ್ರಿ ಓಡುವ ಎಸಿ. ಆ ಮೂರು ಸರ್ವರ್‌ಗಳ ಮೇಲೆ ವಿಎಂವೇರ್ ಹಾಕಿ ಇಪ್ಪತ್ತು ಮೂವತ್ತು ವರ್ಚುವಲ್ ಮಷಿನ್ (ಸರ್ವರ್‌ನೊಳಗೆ ಸಾಫ್ಟ್‌ವೇರ್‌ನಿಂದ ಮಾಡಿದ ಬೇರೆ ಬೇರೆ ಕಂಪ್ಯೂಟರ್‌ಗಳು) ನಡೆಸುತ್ತಿರುತ್ತಾರೆ. ಲಾರಿ ಕಾಟಾದ ಲೆಕ್ಕ, ಟ್ಯಾಲಿ, ಹಾಜರಿ, ಸಂಬಳ ಎಲ್ಲ ಅದರೊಳಗೇ. ಸರ್ವರ್ ನಿಂತರೆ ಗೇಟಿನ ಹೊರಗೆ ಲಾರಿಗಳ ಸಾಲು ನಿಲ್ಲುತ್ತದೆ.

ಇಂಥ ಕಡೆಗಳಲ್ಲಿ ಹೆಚ್ಚಾಗಿ ಓಡುತ್ತಿರುವುದು ವಿಎಂವೇರ್‌ನ ವಿಸ್ಪಿಯರ್ 7. ಇದರಲ್ಲಿ ಮುಖ್ಯವಾಗಿ ಎರಡು ಭಾಗ: ಪ್ರತಿ ಸರ್ವರ್ ಮೇಲೆ ಕೂತು ಮಷಿನ್‌ಗಳನ್ನು ಓಡಿಸುವ ಇಎಸ್‌ಎಕ್ಸ್‌ಐ, ಎಲ್ಲವನ್ನೂ ಒಂದೇ ಕಡೆಯಿಂದ ನೋಡಿಕೊಳ್ಳುವ ವಿಸೆಂಟರ್. ಇಎಸ್‌ಎಕ್ಸ್‌ಐ ಹಾಕಿದ ಸರ್ವರನ್ನೇ ಹೋಸ್ಟ್ ಅನ್ನುತ್ತೇವೆ. ಈ ಆವೃತ್ತಿ 2020ರ ಏಪ್ರಿಲ್‌ನಲ್ಲಿ ಬಂದಿತ್ತು. ಇದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 2ಕ್ಕೆ ಮುಗಿದಿದೆ. ಅಂದರೆ ಹೊಸ ಭದ್ರತಾ ಪ್ಯಾಚ್‌ಗಳನ್ನು ನಂಬಿಕೊಂಡು ಕೂರುವ ಹಾಗಿಲ್ಲ. "ಓಡ್ತಾ ಇದೆಯಲ್ಲ, ಸುಮ್ನೆ ಯಾಕೆ ಮುಟ್ಟೋದು" ಅಂತ ಕೇಳುವವರಿಗೆ ನಾನು 2023ರ ಫೆಬ್ರವರಿಯ ಮಾತು ಹೇಳುತ್ತೇನೆ. ಆಗ ಇಎಸ್‌ಎಕ್ಸ್‌ಐಆರ್ಗ್ಸ್ ಎಂಬ ರ್‍ಯಾನ್ಸಮ್‌ವೇರ್ ಜಗತ್ತಿನಾದ್ಯಂತ ಸಾವಿರಾರು ಸರ್ವರ್‌ಗಳ ಫೈಲುಗಳಿಗೆ ಬೀಗ ಹಾಕಿ, ತೆಗೆಯಲು ದುಡ್ಡು ಕೇಳಿತು. ಅದು ಮುಖ್ಯವಾಗಿ ನುಗ್ಗಿದ್ದು ಹಳೆಯ ತೂತಿನಿಂದ. ಆ ತೂತು ಮುಚ್ಚುವ ಪ್ಯಾಚ್ 2021ರ ಫೆಬ್ರವರಿಯಲ್ಲೇ ಬಂದಿತ್ತು. ಪೆಟ್ಟು ತಿಂದವರು ಎರಡು ವರ್ಷ ಹಾಕಿರಲಿಲ್ಲ, ಅಷ್ಟೇ.

ಹಾಗಾದರೆ 8ಕ್ಕೆ ಹೋಗಬೇಕಾ, 9ಕ್ಕಾ? 9 ಬಂದದ್ದು 2025ರ ಜೂನ್‌ನಲ್ಲಿ. ಆದರೆ 7ರಿಂದ 9ಕ್ಕೆ ನೇರ ಜಿಗಿತ ಇಲ್ಲ. ನಡುವೆ 8ರ ಮೆಟ್ಟಿಲು ಹತ್ತಲೇಬೇಕು. 8ರ ಬೆಂಬಲ 2027ರ ಅಕ್ಟೋಬರ್ 11ರ ತನಕ ಇದೆ. ಹೀಗಾಗಿ ಈ ಲೇಖನ 8ಕ್ಕೆ ಹೋಗುವವರಿಗೆ. ಇನ್ನೂ 6.5ರಲ್ಲೇ ಇದ್ದರೆ 8ಕ್ಕೆ ನೇರವಾಗಿ ಬರಲಾಗುವುದಿಲ್ಲ. ಮೊದಲು 6.7ಕ್ಕೋ 7ಕ್ಕೋ ಬನ್ನಿ.

ಒಂದು ಪ್ರಶ್ನೆಯನ್ನು ಪ್ರತಿ ಹೆಜ್ಜೆಯಲ್ಲೂ ಕೇಳಿಕೊಳ್ಳಿ: ಇಲ್ಲಿಂದ ಹಿಂದೆ ಬರುವ ದಾರಿ ಇದೆಯಾ? ಈ ಕೆಲಸದಲ್ಲಿ ಕೆಲವು ಹೆಜ್ಜೆಗಳಿಗೆ ದಾರಿ ಇದೆ, ಕೆಲವಕ್ಕೆ ಇಲ್ಲ. ಇಲ್ಲದವನ್ನು ಕೊನೆಗೆ ಇಟ್ಟುಕೊಂಡರೆ ಅರ್ಧ ಭಯ ಹೋಯಿತು.

ಮೊದಲು ಲೈಸೆನ್ಸ್ ಲೆಕ್ಕ

ಸರ್ವರ್ ಮುಟ್ಟುವ ಮೊದಲು ಕಾಗದ ಪೆನ್ನು ತಗೊಳ್ಳಿ. 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ಕಂಪನಿ ವಿಎಂವೇರ್ ಅನ್ನು ಕೊಂಡಿತು. ಮುಂದಿನ ತಿಂಗಳೇ, ಒಮ್ಮೆ ಕೊಂಡರೆ ಶಾಶ್ವತವಾಗಿ ನಮ್ಮದಾಗುತ್ತಿದ್ದ ಲೈಸೆನ್ಸ್‌ಗಳ ಮಾರಾಟ ನಿಲ್ಲಿಸಿತು. ಈಗ ಎಲ್ಲ ಚಂದಾ ಲೆಕ್ಕ. ಅದೂ ಪ್ರತಿ ಕೋರ್‌ಗೆ ಇಷ್ಟು ಅಂತ. ಒಂದು ಪ್ರೊಸೆಸರ್‌ಗೆ ಕಡಿಮೆ ಅಂದರೂ 16 ಕೋರ್ ಲೆಕ್ಕ ಹಿಡಿಯುತ್ತಾರೆ. ನಿಮ್ಮ ಸರ್ವರ್‌ನಲ್ಲಿ 8 ಕೋರ್‌ನ ಎರಡು ಪ್ರೊಸೆಸರ್ ಇದ್ದರೂ 16 ಅಲ್ಲ, 32 ಕೋರ್‌ಗೆ ದುಡ್ಡು. ಅಂಥ ಮೂರು ಸರ್ವರ್ ಇದ್ದರೆ 96. ಈ ಅಂಕಿ ಹಿಡಿದುಕೊಂಡೇ ಡೀಲರ್ ಹತ್ತಿರ ದರ ಕೇಳಿ.

7ರ ಲೈಸೆನ್ಸ್ ಕೀ 8ರ ಮೇಲೆ ನಡೆಯುವುದಿಲ್ಲ. "60 ದಿನದ ಟ್ರಯಲ್ ಇರುತ್ತಲ್ಲ, ಆಮೇಲೆ ನೋಡೋಣ" ಅಂತ ಶುರು ಮಾಡಿದವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಆ 60 ದಿನ ಮುಗಿದ ಮೇಲೆ ಓಡುತ್ತಿರುವ ಮಷಿನ್‌ಗಳು ಓಡುತ್ತಲೇ ಇರುತ್ತವೆ. ಆದರೆ ಒಮ್ಮೆ ಆರಿದ್ದನ್ನು ಮತ್ತೆ ಹಚ್ಚಲು ಆಗುವುದಿಲ್ಲ. ನಮ್ಮ ಕಡೆ ಕರೆಂಟ್ ಹೋಗುವ ಪರಿ ಗೊತ್ತಲ್ಲ? ಒಂದು ಮಧ್ಯಾಹ್ನ ಯುಪಿಎಸ್ ಬ್ಯಾಟರಿ ಖಾಲಿಯಾದರೆ ಇಡೀ ಕಾರ್ಖಾನೆ ಅಲ್ಲಿಗೇ ನಿಂತಿತು.

ಡೌನ್‌ಲೋಡ್ ವಿಷಯವೂ ಬದಲಾಗಿದೆ. 2025ರಿಂದ ಪ್ಯಾಚ್‌ಗಳು ಹಳೆಯ ವಿಳಾಸದಿಂದ ಬರುವುದಿಲ್ಲ. ನಿಮ್ಮ ಬ್ರಾಡ್‌ಕಾಮ್ ಖಾತೆಯಲ್ಲಿ ಟೋಕನ್ (ಡೌನ್‌ಲೋಡ್‌ಗೆ ಅನುಮತಿ ಕೊಡುವ ಗುರುತಿನ ಸಂಕೇತ) ಮಾಡಿಕೊಂಡು, ಅದನ್ನು ವಿಸೆಂಟರ್‌ನಲ್ಲಿ ಹಾಕಬೇಕು. ವಿಸೆಂಟರ್ ಹಾಕಲು ಬೇಕಾದ ಐಎಸ್‌ಒ ಫೈಲ್ 8 ಜಿಬಿಗಿಂತ ದೊಡ್ಡದು. ಕೆಲಸದ ದಿನ ಡೌನ್‌ಲೋಡ್ ಶುರು ಮಾಡಿದರೆ ಬೆಳಗಾಗುತ್ತದೆ. ವಾರ ಮೊದಲೇ ಇಳಿಸಿ, ಚೆಕ್‌ಸಮ್ (ಫೈಲ್ ಕೆಡದೆ ಬಂದಿದೆಯಾ ಅಂತ ತೋರಿಸುವ ಸಂಖ್ಯೆ) ತಾಳೆ ನೋಡಿ ಇಟ್ಟುಕೊಳ್ಳಿ.

ಚಂದಾ ದರ ಕೇಳಿ ಕೈ ಚೆಲ್ಲಿದವರು ಇಂಥದ್ದೇ ಕೆಲಸ ಮಾಡುವ ಪ್ರಾಕ್ಸ್‌ಮಾಕ್ಸ್ ಎಂಬ ಬೇರೆ ಸಾಫ್ಟ್‌ವೇರ್ ಕಡೆ ನೋಡುತ್ತಿದ್ದಾರೆ. ತಪ್ಪೇನಿಲ್ಲ. ಇಎಸ್‌ಎಕ್ಸ್‌ಐನಿಂದ ಮಷಿನ್‌ಗಳನ್ನು ನೇರವಾಗಿ ತಂದುಕೊಳ್ಳುವ ಅನುಕೂಲ 2024ರಿಂದ ಅದರಲ್ಲೇ ಇದೆ. ಆದರೆ ಅದು ಅಪ್‌ಗ್ರೇಡ್ ಅಲ್ಲ, ಮನೆಯನ್ನೇ ಬದಲಿಸಿದ ಹಾಗೆ. ಅದಕ್ಕೆ ಬೇರೆಯೇ ತಯಾರಿ ಬೇಕು. ಬೆಂಬಲ ಮುಗಿದ 7ರ ಮೇಲೆ ಕೂತು ಆ ತಯಾರಿಯನ್ನು ವರ್ಷಗಟ್ಟಲೆ ಎಳೆಯಬೇಡಿ.

ಸರ್ವರ್ ಒಪ್ಪುತ್ತದಾ ನೋಡಿ

ಬ್ರಾಡ್‌ಕಾಮ್‌ನ ಹೊಂದಾಣಿಕೆ ಪಟ್ಟಿಯಲ್ಲಿ ಸರ್ವರ್ ಮಾದರಿ, ಪ್ರೊಸೆಸರ್, ನೆಟ್‌ವರ್ಕ್ ಕಾರ್ಡ್, ರೇಡ್ ಕಾರ್ಡ್ (ಡಿಸ್ಕ್‌ಗಳನ್ನು ನೋಡಿಕೊಳ್ಳುವುದು) ನಾಲ್ಕನ್ನೂ ಬೇರೆ ಬೇರೆಯಾಗಿ ಹುಡುಕಿ. ಸರ್ವರ್ ಪಟ್ಟಿಯಲ್ಲಿದ್ದು ಕಾರ್ಡ್ ಇಲ್ಲದಿರಬಹುದು. ಇಂಟೆಲ್‌ನ ಮೊದಲ ತಲೆಮಾರಿನ ಇ5-2600, ಅಂದರೆ ಸ್ಯಾಂಡಿ ಬ್ರಿಜ್ ಪ್ರೊಸೆಸರ್‌ಗಳಿಗೆ 8ರಲ್ಲಿ ಬೆಂಬಲ ಇಲ್ಲ. ಸೆಕೆಂಡ್ ಹ್ಯಾಂಡ್ ಸರ್ವರ್ ಕೊಂಡು ಹಾಕಿದ ಕಡೆಗಳಲ್ಲಿ ಇವು ಈಗಲೂ ಸಿಗುತ್ತವೆ. ಮೆಲನಾಕ್ಸ್‌ನ ಕನೆಕ್ಟ್‌ಎಕ್ಸ್-3 ನೆಟ್‌ವರ್ಕ್ ಕಾರ್ಡಿನ ಡ್ರೈವರ್ ಕೂಡ 8ರಲ್ಲಿ ಇಲ್ಲ. ಅಪ್‌ಗ್ರೇಡ್ ಆದ ಮೇಲೆ ಸರ್ವರ್ ಏಳುತ್ತದೆ, ಆದರೆ ಆ ಕಾರ್ಡ್ ಕಾಣಿಸುವುದಿಲ್ಲ. ಸ್ಟೋರೇಜ್ ಅದೇ ಕಾರ್ಡಿನ ಮೇಲಿದ್ದರೆ ಆ ಹೋಸ್ಟ್‌ನಿಂದ ಉಪಯೋಗವಿಲ್ಲ. ಹಳೆ ಪ್ರೊಸೆಸರನ್ನು ಬಲವಂತವಾಗಿ ಒಪ್ಪಿಸುವ ಒಂದು ಅಡ್ಡದಾರಿ ಇದೆ. ಮನೆಯಲ್ಲಿ ಕಲಿಯುವವರಿಗೆ ಸರಿ, ದುಡಿಯುವ ಸರ್ವರ್‌ಗೆ ಖಂಡಿತ ಬೇಡ.

ಈಗ ನಮ್ಮ ಭಾಗಕ್ಕೆ ಬಹಳ ಮುಖ್ಯವಾದ ವಿಷಯ. ಒಂದು ಕಾಲದಲ್ಲಿ ಇಎಸ್‌ಎಕ್ಸ್‌ಐಯನ್ನು ಪುಟ್ಟ ಎಸ್‌ಡಿ ಕಾರ್ಡಿಗೋ ಯುಎಸ್‌ಬಿ ಡ್ರೈವ್‌ಗೋ ಹಾಕುತ್ತಿದ್ದೆವು. 6ರ ಕಾಲದಲ್ಲಿ ನಡೆಯುತ್ತಿತ್ತು, ಯಾಕೆಂದರೆ ಬೂಟ್ ಆದ ಮೇಲೆ ಅದರ ಮೇಲೆ ಬರೆಯುವ ಕೆಲಸ ಬಹಳ ಕಡಿಮೆ ಇತ್ತು. 7ರಲ್ಲಿ ಬೂಟ್ ಡಿಸ್ಕಿನ ವಿಭಾಗಗಳೇ ಬದಲಾದವು. ಲಾಗ್ ಮತ್ತು ಇತರ ಮಾಹಿತಿಯನ್ನು ಅದೇ ಡಿಸ್ಕಿನ ಮೇಲೆ ಮತ್ತೆ ಮತ್ತೆ ಬರೆಯತೊಡಗಿತು. ಎಸ್‌ಡಿ ಕಾರ್ಡ್ ಅಷ್ಟು ಬರೆಸಿಕೊಳ್ಳಲು ಹುಟ್ಟಿದ್ದಲ್ಲ. ಅದರ ಮೇಲೆ ಮೇ ತಿಂಗಳ ರಾಯಚೂರು ಬಿಸಿಲು, ಎಸಿ ಕೆಟ್ಟ ಒಂದು ರಾತ್ರಿ, ಗಿರಣಿಯ ತೌಡಿನ ಧೂಳು. 8ಕ್ಕೆ ಕನಿಷ್ಠ 32 ಜಿಬಿಯ ಗಟ್ಟಿ ಡಿಸ್ಕ್ ಬೇಕು. ನಾನು 240 ಜಿಬಿಯ ಎಂ.2 ಎಸ್‌ಎಸ್‌ಡಿ ಎರಡನ್ನು ಮಿರರ್ ಮಾಡಿ, ಅಂದರೆ ಎರಡರಲ್ಲೂ ಒಂದೇ ಪ್ರತಿ ಇರುವ ಹಾಗೆ, ಹಾಕುತ್ತೇನೆ.

ಎಸ್‌ಡಿ ಕಾರ್ಡಿನಿಂದ ಎಸ್‌ಎಸ್‌ಡಿಗೆ ಹೋಗುವಾಗ ಒಂದು ಕ್ರಮ ಇದೆ. ಮೊದಲು ಹೋಸ್ಟ್‌ನ ಕಾನ್ಫಿಗರೇಷನ್ ಬ್ಯಾಕಪ್ ತೆಗೆಯಿರಿ. ಆಮೇಲೆ ಎಸ್‌ಎಸ್‌ಡಿಯ ಮೇಲೆ ಈಗ ಇರುವ 7ರ ಅದೇ ಬಿಲ್ಡ್ (ಆವೃತ್ತಿಯೊಳಗಿನ ಅದೇ ನಂಬರಿನ ಪ್ರತಿ) ಹಾಕಿ. ಬ್ಯಾಕಪ್ ವಾಪಸ್ ತುಂಬಿ. ಎಲ್ಲ ಸರಿ ಕಂಡ ಮೇಲೆಯೇ 8ಕ್ಕೆ ಏರಿಸಿ. ಬಿಲ್ಡ್ ನಂಬರ್ ಬೇರೆಯಾದರೆ ಬ್ಯಾಕಪ್ ತುಂಬಿಕೊಳ್ಳುವುದಿಲ್ಲ. ಸರ್ವರ್‌ನಲ್ಲಿ ಟಿಪಿಎಂ ಎಂಬ, ಬೀಗದ ಕೀಗಳನ್ನು ಕಾಯುವ ಚಿಪ್ ಇದ್ದರೆ ರಿಕವರಿ ಕೀಯನ್ನೂ ಬರೆದಿಟ್ಟುಕೊಳ್ಳಿ. ಅದು ಇಲ್ಲದೆ ಹಳೆಯ ಕಾನ್ಫಿಗರೇಷನ್ ತೆರೆಯದೆ ಒದ್ದಾಡಬೇಕಾಗುತ್ತದೆ.

ಬಿಡಿಭಾಗಗಳನ್ನು ಮೊದಲೇ ತರಿಸಿಕೊಳ್ಳಿ. ಕೊಪ್ಪಳಕ್ಕೆ ಸರ್ವರ್ ಡಿಸ್ಕ್ ಬರುವುದು ಬೆಂಗಳೂರಿನಿಂದ. ರಾಯಚೂರಿನವರಿಗೆ ಹೈದರಾಬಾದ್ ಹತ್ತಿರ. ಏನೇ ಆದರೂ ರಾತ್ರಿ ಹನ್ನೊಂದಕ್ಕೆ ಬೇಕೆಂದರೆ ಸಿಗುವುದಿಲ್ಲ.

ಸುತ್ತಮುತ್ತ ಏನೇನು ಅಂಟಿಕೊಂಡಿದೆ

ಜಾಸ್ತಿ ಪೆಟ್ಟು ಬೀಳುವುದು ಇಲ್ಲಿ. ನನಗೇ ಬಿದ್ದಿದೆ, ಹೇಳುತ್ತೇನೆ.

ಒಂದು ಕಾರ್ಖಾನೆಯಲ್ಲಿ ಅಪ್‌ಗ್ರೇಡ್ ಒಂದೇ ರಾತ್ರಿಯಲ್ಲಿ ಮುಗಿಯಿತು. ಬೆಳಗ್ಗೆ ಎಲ್ಲ ಓಡುತ್ತಿತ್ತು. ಎಲ್ಲರೂ ಖುಷಿಯಾಗಿ ಚಹಾ ಕುಡಿದು ಮನೆಗೆ ಹೋದೆವು. ಹದಿನೈದು ದಿನ ಕಳೆದ ಮೇಲೆ ಸಂಜೆ ಗಾಳಿ ಮಳೆಗೆ ಕರೆಂಟ್ ಹೋಯಿತು. ಡೀಸೆಲ್ ಜನರೇಟರ್ ಹತ್ತಲಿಲ್ಲ. ಯುಪಿಎಸ್ ಬ್ಯಾಟರಿ ಇಳಿಯುತ್ತಾ ಬಂದಾಗ ಸರ್ವರ್‌ಗಳನ್ನು ಕ್ರಮವಾಗಿ ಮಲಗಿಸುವ ಸಾಫ್ಟ್‌ವೇರ್ ಒಂದು ಹಳೆಯ ವಿಂಡೋಸ್ ಮಷಿನ್‌ನಲ್ಲಿತ್ತು. ಅದು ವಿಸೆಂಟರ್ ಜೊತೆ ಮಾತಾಡಲು ಟಿಎಲ್‌ಎಸ್ 1.0 (ಮಾತನ್ನು ಗುಟ್ಟಾಗಿ ಕಳಿಸುವ ವಿಧಾನದ ಹಳೆಯ ಆವೃತ್ತಿ) ಬಳಸುತ್ತಿತ್ತು. 7ರಲ್ಲಿ ಅದಕ್ಕೋಸ್ಕರ ನಾವೇ ಆ ಹಳೆಯ ಬಾಗಿಲನ್ನು ತೆರೆದಿಟ್ಟಿದ್ದೆವು. 8ರಲ್ಲಿ ಟಿಎಲ್‌ಎಸ್ 1.0 ಮತ್ತು 1.1 ಇಲ್ಲವೇ ಇಲ್ಲ. ಹೀಗಾಗಿ "ಮಲಗು" ಅನ್ನುವ ಮಾತು ಸರ್ವರ್‌ಗೆ ಮುಟ್ಟಲೇ ಇಲ್ಲ. ಬ್ಯಾಟರಿ ಸತ್ತಾಗ ಮೂರೂ ಸರ್ವರ್ ಒಟ್ಟಿಗೆ ಬಿದ್ದವು. ಡೇಟಾಬೇಸ್ ಕೆಟ್ಟಿತು. ಅದನ್ನು ಸರಿ ಮಾಡುವ ತನಕ, ಎರಡು ದಿನ, ಕಾಟಾದ ಗುಮಾಸ್ತರು ಲಾರಿ ತೂಕವನ್ನು ಕೈಯಲ್ಲಿ ಬರೆದರು. ಆ ಎರಡು ದಿನ ಅವರ ಮುಖ ನೋಡುವುದು ನನಗೆ ಕಷ್ಟವಾಗಿತ್ತು.

ಆದ್ದರಿಂದ ವಿಸೆಂಟರ್‌ಗೆ ಲಾಗಿನ್ ಆಗುವ ಪ್ರತಿಯೊಂದನ್ನೂ ಪಟ್ಟಿ ಮಾಡಿ. ಬ್ಯಾಕಪ್ ಸಾಫ್ಟ್‌ವೇರ್, ಯುಪಿಎಸ್ ಸಾಫ್ಟ್‌ವೇರ್, ಸ್ಟೋರೇಜ್ ಪ್ಲಗಿನ್, ಮಾನಿಟರಿಂಗ್, ಯಾರೋ ಬಿಟ್ಟು ಹೋದ ಸ್ಕ್ರಿಪ್ಟ್. ವಿಸೆಂಟರ್‌ನಲ್ಲಿ ಈಗ ತೆರೆದಿರುವ ಸೆಷನ್‌ಗಳನ್ನು ಒಂದು ವಾರ ನೋಡುತ್ತಿದ್ದರೆ ಮರೆತದ್ದೂ ಕಾಣಿಸುತ್ತದೆ. ಪ್ರತಿಯೊಂದರ ಮುಂದೆ ಎರಡು ವಿಷಯ ಬರೆಯಿರಿ: ಇದರ ಯಾವ ಆವೃತ್ತಿ 8 ಜೊತೆ ನಡೆಯುತ್ತದೆ, ಟಿಎಲ್‌ಎಸ್ 1.2 ಬರುತ್ತದಾ. ಬ್ಯಾಕಪ್ ಸಾಫ್ಟ್‌ವೇರನ್ನು ವಿಸೆಂಟರ್‌ಗಿಂತ ಮೊದಲು ಏರಿಸಬೇಕು. ತಿರುಗುಮುರುಗಾದರೆ ಅಪ್‌ಗ್ರೇಡ್ ಆದ ರಾತ್ರಿಯಿಂದಲೇ ಬ್ಯಾಕಪ್ ನಿಲ್ಲುತ್ತದೆ.

ವಿಸೆಂಟರ್ ತನ್ನ ಗುರುತು ತೋರಿಸಲು ಬಳಸುವ ಸರ್ಟಿಫಿಕೇಟ್‌ಗಳ ಅವಧಿ ನೋಡಿ. ಎಸ್‌ಎಚ್‌ಎ-1 ಎಂಬ ಹಳೆಯ ವಿಧಾನದ ಸಹಿ ಇರುವ ಸರ್ಟಿಫಿಕೇಟ್ ಇದ್ದರೆ ಮೊದಲೇ ಬದಲಿಸಿ. ವಿಸೆಂಟರ್‌ನ ರೂಟ್ (ಮುಖ್ಯ ಆಡಳಿತ ಖಾತೆಯ) ಪಾಸ್‌ವರ್ಡ್ ಸುಮ್ಮನೆ ಬಿಟ್ಟರೆ 90 ದಿನಕ್ಕೆ ಅವಧಿ ಮುಗಿಯುತ್ತದೆ. ವರ್ಷದಿಂದ ಯಾರೂ ಆ ಕಡೆ ಹೋಗಿಲ್ಲ ಅಂದರೆ ಅದು ಖಂಡಿತ ಮುಗಿದಿರುತ್ತದೆ, ಅಪ್‌ಗ್ರೇಡ್ ಅಲ್ಲೇ ನಿಲ್ಲುತ್ತದೆ. ವಿಂಡೋಸ್ ಡೊಮೈನ್‌ಗೆ ವಿಸೆಂಟರನ್ನೇ ಸೇರಿಸಿ ಲಾಗಿನ್ ಆಗುವ ಪದ್ಧತಿ ಕೈಬಿಡುವ ಪಟ್ಟಿಯಲ್ಲಿದೆ. 8ರಲ್ಲಿ ಇನ್ನೂ ನಡೆಯುತ್ತದೆ. ಆದರೂ ಈಗಲೇ ಎಲ್‌ಡಿಎಪಿಎಸ್ ಎಂಬ, ಡೊಮೈನ್‌ನಿಂದ ಬಳಕೆದಾರರನ್ನು ಸುರಕ್ಷಿತವಾಗಿ ಕೇಳಿ ತಿಳಿಯುವ ಪದ್ಧತಿಗೆ ಹೋಗಿಬಿಡುವುದು ಒಳ್ಳೆಯದು.

ದಿನ ಗೊತ್ತು ಮಾಡುವುದು

ಗಿರಣಿಗಳಿಗೆ ನವೆಂಬರ್-ಡಿಸೆಂಬರ್ ಮತ್ತು ಏಪ್ರಿಲ್-ಮೇ ಬೇಡವೇ ಬೇಡ. ಭತ್ತ ಬರುವ ಕಾಲ. ಮಾರ್ಚ್ ಕೊನೆಗೆ ಲೆಕ್ಕ ಮುಗಿಸುವ ಗಡಿಬಿಡಿ. ತಿಂಗಳಲ್ಲಿ 11ಕ್ಕೆ ಮತ್ತು 20ಕ್ಕೆ ಜಿಎಸ್‌ಟಿ ರಿಟರ್ನ್ ಇರುತ್ತದೆ, ಅದರ ಹಿಂದಿನ ಎರಡು ಮೂರು ದಿನವೂ ಬಿಡಿ. ಕೊಪ್ಪಳದಲ್ಲಿ ಗವಿಮಠದ ಜಾತ್ರೆಯ ವಾರ ಕೆಲಸದ ಹುಡುಗರು ಸಿಗುವುದಿಲ್ಲ, ಸಿಗಬೇಕೆಂದು ಕೇಳುವುದೂ ಸರಿಯಲ್ಲ. ಜೆಸ್ಕಾಂ ದುರಸ್ತಿಗೆ ಕರೆಂಟ್ ತೆಗೆಯುವ ದಿನಗಳನ್ನು ಪತ್ರಿಕೆಯಲ್ಲಿ ಪ್ರಕಟಿಸುತ್ತದೆ, ಅದನ್ನೂ ಕೇಳಿಕೊಳ್ಳಿ.

ನಮ್ಮ ಭಾಗದಲ್ಲಿ ಎಷ್ಟೋ ಗಿರಣಿಗಳಲ್ಲಿ ಅಮಾವಾಸ್ಯೆಗೆ ಹಮಾಲರ ರಜೆ. ಲಾರಿ ಇಲ್ಲ, ಕಾಟಾ ಇಲ್ಲ. ಇದಕ್ಕಿಂತ ಒಳ್ಳೆಯ ಬಿಡುವು ಬೇರೆ ಇಲ್ಲ. ಆದರೆ ಒಬ್ಬ ಸಾಹುಕಾರರು ನನಗೆ, "ಅಮಾಸಿ ದಿನ ಹೊಸ ಕೆಲಸ ಬ್ಯಾಡ್ರಿ ಸರ" ಅಂದರು. ಅವರ ಮಾತಿಗೆ ಬೆಲೆ ಕೊಟ್ಟೆ. ಅಮಾವಾಸ್ಯೆಯ ಹಗಲು ಪೂರ್ತಿ ಬ್ಯಾಕಪ್ ತೆಗೆದು, ಒಂದು ಮಷಿನ್ ವಾಪಸ್ ತುಂಬಿ ಪರೀಕ್ಷೆ ಮಾಡಿದೆವು. ಪಾಡ್ಯ ಹತ್ತಿದ ಮೇಲೆ ವಿಸೆಂಟರ್ ಮುಟ್ಟಿದೆವು. ಆಮೇಲೆ ಎಲ್ಲ ಕಡೆಯೂ ಇದೇ ಕ್ರಮ ಇಟ್ಟುಕೊಂಡೆ. ಬ್ಯಾಕಪ್‌ಗೆ ಒಂದು ಪೂರ್ತಿ ಹಗಲು ಸಿಕ್ಕರೆ ಅವಸರ ಇರುವುದಿಲ್ಲ.

ವಿಸೆಂಟರ್ ಮೊದಲು

ಕ್ರಮ ತಪ್ಪಬೇಡಿ. ಮೊದಲು ವಿಸೆಂಟರ್, ಆಮೇಲೆ ಒಂದೊಂದೇ ಹೋಸ್ಟ್, ಆಮೇಲೆ ಮಷಿನ್‌ಗಳೊಳಗಿನ ವಿಎಂವೇರ್ ಟೂಲ್ಸ್ (ಡ್ರೈವರ್ ಮುಂತಾದ ಸಹಾಯಕ ಸಾಫ್ಟ್‌ವೇರ್), ಉಳಿದದ್ದು ಕೊನೆಗೆ. 7ರ ವಿಸೆಂಟರ್‌ಗೆ 8ರ ಹೋಸ್ಟನ್ನು ನೋಡಿಕೊಳ್ಳಲು ಬರುವುದಿಲ್ಲ.

ವಿಸೆಂಟರ್ ಅಪ್‌ಗ್ರೇಡ್ ಅಂದರೆ ಇರುವುದನ್ನೇ ಬದಲಿಸುವುದಲ್ಲ. ಪಕ್ಕದಲ್ಲಿ ಹೊಸದೊಂದು ವಿಸೆಂಟರ್ ಏಳುತ್ತದೆ. ಹಳೆಯದರ ಮಾಹಿತಿ ಎಳೆದುಕೊಂಡು, ಅದನ್ನು ಆರಿಸಿ, ಅದರ ಹೆಸರು ಮತ್ತು ಐಪಿಯನ್ನು ತಾನು ತೆಗೆದುಕೊಳ್ಳುತ್ತದೆ. ಹಾಗಾಗಿ ಆ ಹೊತ್ತಿಗೆ ಒಂದು ತಾತ್ಕಾಲಿಕ ಐಪಿ ಬೇಕು. ಎರಡಕ್ಕೂ ಜಾಗ ಬೇಕು. ತೀರಾ ಚಿಕ್ಕ ಗಾತ್ರದ ವಿಸೆಂಟರ್ 8ಕ್ಕೂ 14 ಜಿಬಿ ಮೆಮೊರಿ, 579 ಜಿಬಿ ಡಿಸ್ಕ್ ಕೇಳುತ್ತದೆ. ಬಳಸಿದಷ್ಟೇ ಜಾಗ ಹಿಡಿಯುವ ಥಿನ್ ಡಿಸ್ಕ್ ಆಯ್ಕೆ ಮಾಡಿದರೆ ಅಷ್ಟೂ ಜಾಗ ಒಮ್ಮೆಗೇ ಹೋಗುವುದಿಲ್ಲ.

ಶುರು ಮಾಡುವ ಮುನ್ನ 5480 ಪೋರ್ಟಿನ ಆಡಳಿತ ಪುಟದಿಂದ ವಿಸೆಂಟರ್‌ನ ಫೈಲ್ ಬ್ಯಾಕಪ್ ತೆಗೆದು, ವಿಎಂವೇರ್‌ನ ಹೊರಗಿನ ಬೇರೆ ಕಂಪ್ಯೂಟರ್‌ಗೆ ಕಳಿಸಿ. ಡಿಸ್ಟ್ರಿಬ್ಯೂಟೆಡ್ ಸ್ವಿಚ್ (ಎಲ್ಲ ಹೋಸ್ಟ್‌ಗೂ ಸೇರಿ ಒಂದೇ ಆದ ವರ್ಚುವಲ್ ನೆಟ್‌ವರ್ಕ್ ಸ್ವಿಚ್) ಇದ್ದರೆ ಅದರ ಕಾನ್ಫಿಗರೇಷನ್ ಎಕ್ಸ್‌ಪೋರ್ಟ್ ಮಾಡಿ. ವಿಸೆಂಟರ್ ಯಾವ ಹೋಸ್ಟ್ ಮೇಲೆ ಕೂತಿದೆ ಅಂತ ಬರೆದುಕೊಳ್ಳಿ. ಹೋಸ್ಟ್‌ಗಳ ನಡುವೆ ಭಾರ ಹಂಚುವ ಡಿಆರ್‌ಎಸ್ ತಾನಾಗಿ ಮಷಿನ್‌ಗಳನ್ನು ಸರಿಸುತ್ತಿದ್ದರೆ ಅದನ್ನು ಮ್ಯಾನುವಲ್ ಮಾಡಿ. ಡಿಎನ್‌ಎಸ್‌ನಲ್ಲಿ ಹೆಸರಿನಿಂದ ಐಪಿ, ಐಪಿಯಿಂದ ಹೆಸರು ಎರಡೂ ಸರಿ ಬರಬೇಕು. ಚಿಕ್ಕ ಜಾಗಗಳಲ್ಲಿ ಡಿಎನ್‌ಎಸ್ ಸರ್ವರ್ ಕೂಡ ಇದರೊಳಗಿನ ಮಷಿನ್ನೇ ಆಗಿರುತ್ತದೆ, ಅದನ್ನು ಈ ಹೊತ್ತಿನಲ್ಲಿ ಆರಿಸಬೇಡಿ.

ಇಲ್ಲಿ ಹಿಂದೆ ಬರುವ ದಾರಿ ಚೆನ್ನಾಗಿದೆ. ಹೊಸದು ಸರಿ ಬರಲಿಲ್ಲ ಅಂದರೆ ಅದನ್ನು ಆರಿಸಿ ಹಳೆಯದನ್ನು ಹಚ್ಚಿದರೆ ಆಯಿತು. ಅದಕ್ಕೇ ಹಳೆಯ ವಿಸೆಂಟರನ್ನು ಆತುರದಲ್ಲಿ ಅಳಿಸಬೇಡಿ. ವಿಸೆಂಟರ್ ನಿಂತಿರುವಾಗಲೂ ಮಷಿನ್‌ಗಳು ಓಡುತ್ತಲೇ ಇರುತ್ತವೆ. ಕಾಟಾದವರಿಗೆ ಗೊತ್ತೂ ಆಗುವುದಿಲ್ಲ. ನಾನು ವಿಸೆಂಟರ್ ಏರಿಸಿ ಒಂದು ವಾರ ಹಾಗೇ ಬಿಡುತ್ತೇನೆ. ಪ್ರತಿ ರಾತ್ರಿ ಬ್ಯಾಕಪ್ ಆಗುತ್ತಿದೆಯಾ ನೋಡಿದ ಮೇಲೆಯೇ ಹೋಸ್ಟ್‌ಗಳ ಸರದಿ.

ಹೋಸ್ಟ್‌ಗಳು, ಒಂದೊಂದಾಗಿ

ಒಂದು ಹೋಸ್ಟ್ ಖಾಲಿ ಮಾಡಿದಾಗ ಉಳಿದೆರಡು ಭಾರ ಹೊರಬೇಕು. ಮೂರು ಸರ್ವರ್‌ಗೆ 256 ಜಿಬಿಯಂತೆ 768 ಜಿಬಿ ಮೆಮೊರಿ ಇದೆ ಅಂದುಕೊಳ್ಳಿ. ಬಳಕೆ 460 ಇದ್ದರೆ ಎರಡರ 512ರಲ್ಲಿ ಹಿಡಿಯುತ್ತದೆ. 560 ಇದ್ದರೆ ಹಿಡಿಯುವುದಿಲ್ಲ. ಯಾವ ಮಷಿನ್‌ಗಳನ್ನು ಆ ರಾತ್ರಿ ಆರಿಸಬಹುದು ಅಂತ ಮೊದಲೇ ಮಾತಾಡಿಕೊಳ್ಳಿ. ಎರಡೇ ಸರ್ವರ್ ಪೂರ್ತಿ ಭಾರ ಹೊತ್ತಾಗ ಬಿಸಿಯೂ ಜಾಸ್ತಿ. ಎಸಿ ಸರ್ವಿಸ್ ಮಾಡಿಸಿ, ಫಿಲ್ಟರ್ ತೊಳೆಸಿ ಇಡಿ.

ಪ್ರತಿ ಹೋಸ್ಟ್‌ಗೆ ಮೊದಲು ಬಯಾಸ್ ಮತ್ತು ಕಾರ್ಡ್‌ಗಳ ಫರ್ಮ್‌ವೇರ್, ಆಮೇಲೆ ಇಎಸ್‌ಎಕ್ಸ್‌ಐ. ಡೆಲ್, ಎಚ್‌ಪಿಇ, ಲೆನೊವೊ ಸರ್ವರ್‌ಗಳಿಗೆ ಆಯಾ ಕಂಪನಿಯ ಹೆಸರಿನ ಐಎಸ್‌ಒ ಬಳಸಿ, ಅದರಲ್ಲಿ ಬೇಕಾದ ಡ್ರೈವರ್‌ಗಳು ಇರುತ್ತವೆ. ಮೊದಲ ಹೋಸ್ಟ್ ಏರಿಸಿದ ಮೇಲೆ ಅಷ್ಟೇನೂ ಮುಖ್ಯವಲ್ಲದ ಒಂದೆರಡು ಮಷಿನ್ ಅದರ ಮೇಲೆ ತಂದು ಎರಡು ದಿನ ನೋಡಿ. ಸರಿ ಇದ್ದರೆ ಎರಡನೆಯದು.

7ರಿಂದ 8ಕ್ಕೆ ಬಂದ ಹೋಸ್ಟ್‌ನಲ್ಲಿ ಬೂಟ್ ಆಗುವಾಗ ಶಿಫ್ಟ್ ಮತ್ತು ಆರ್ ಕೀ ಒತ್ತಿ ಹಳೆಯದಕ್ಕೆ ಮರಳುವ ಒಂದು ಅವಕಾಶ ಇದೆ. ಆದರೆ ಅದನ್ನೇ ನಂಬಿ ಕೂರಬೇಡಿ, ಕಾನ್ಫಿಗರೇಷನ್ ಬ್ಯಾಕಪ್ ಕೈಯಲ್ಲಿರಲಿ. 6ರ ಕಾಲದ ಹೋಸ್ಟ್ ಏರಿಸುವವರಿಗೆ ಆ ದಾರಿ ಇಲ್ಲ, ಡಿಸ್ಕಿನ ವಿಭಾಗಗಳೇ ಬದಲಾಗಿರುತ್ತವೆ.

ಹಿಂದೆ ಬರಲಾಗದ ಹೆಜ್ಜೆಗಳು

ಎಲ್ಲ ಹೋಸ್ಟ್ 8ಕ್ಕೆ ಬಂದ ಮೇಲೆ ಪರದೆಯ ಮೇಲೆ ಒಂದಷ್ಟು "ಅಪ್‌ಗ್ರೇಡ್ ಮಾಡಿ" ಗುಂಡಿಗಳು ಕಾಣುತ್ತವೆ. ಕೈ ತುರಿಸುತ್ತದೆ. ತಡೆಯಿರಿ.

ಮಷಿನ್‌ಗಳ ವರ್ಚುವಲ್ ಹಾರ್ಡ್‌ವೇರ್ ಆವೃತ್ತಿ 8ರಲ್ಲಿ 20, ಅದರ ಎರಡನೇ ಅಪ್‌ಡೇಟ್‌ನಲ್ಲಿ 21. ಒಮ್ಮೆ ಏರಿಸಿದ ಮಷಿನ್ 7ರ ಹೋಸ್ಟ್ ಮೇಲೆ ಏಳುವುದಿಲ್ಲ, ಇಳಿಸುವ ಗುಂಡಿಯೂ ಇಲ್ಲ. ಹೊಸ ಸೌಲಭ್ಯ ಏನಾದರೂ ಬೇಕಿದ್ದರೆ ಮಾತ್ರ ಏರಿಸಿ. ಏರಿಸುವ ಮೊದಲು ಟೂಲ್ಸ್ ಹೊಸದಾಗಿರಬೇಕು. ಇಲ್ಲದಿದ್ದರೆ ವಿಂಡೋಸ್ ತನ್ನ ನೆಟ್‌ವರ್ಕ್ ಕಾರ್ಡನ್ನು ಹೊಸದೆಂದು ತಿಳಿದು, ಹಾಕಿಟ್ಟ ಐಪಿ ಕಳೆದುಕೊಳ್ಳಬಹುದು. ಡಿಸ್ಟ್ರಿಬ್ಯೂಟೆಡ್ ಸ್ವಿಚ್ ಆವೃತ್ತಿಯೂ ಹೀಗೇ, ಏರಿದ್ದು ಇಳಿಯುವುದಿಲ್ಲ.

ಪ್ಯಾಚ್‌ಗಳ ಪಟ್ಟಿ ಇಟ್ಟುಕೊಂಡು ಹಾಕುವ ಹಳೆಯ ಬೇಸ್‌ಲೈನ್ ಪದ್ಧತಿಯನ್ನು 8ರಲ್ಲಿ ಕೈಬಿಡುವ ಪಟ್ಟಿಗೆ ಸೇರಿಸಿದ್ದಾರೆ. ಅದರ ಬದಲಿಗೆ ಇಡೀ ಕ್ಲಸ್ಟರ್‌ಗೆ, ಅಂದರೆ ಒಟ್ಟಾಗಿ ದುಡಿಯುವ ಹೋಸ್ಟ್‌ಗಳ ಗುಂಪಿಗೆ, ಒಂದೇ ಸಿದ್ಧ ಇಮೇಜ್ ಎಂಬ ಪದ್ಧತಿ. ಇದು ನಿಜಕ್ಕೂ ಒಳ್ಳೆಯದು, ಮೂರೂ ಹೋಸ್ಟ್ ಒಂದೇ ಥರ ಇರುತ್ತವೆ. ಆದರೆ ಕ್ಲಸ್ಟರ್ ಒಮ್ಮೆ ಇಮೇಜ್‌ಗೆ ಹೋದರೆ ಮತ್ತೆ ಬೇಸ್‌ಲೈನ್‌ಗೆ ಬರುವುದಿಲ್ಲ. ಇದನ್ನು ತಿಂಗಳು ಬಿಟ್ಟು ಮಾಡಿದರೂ ನಷ್ಟವಿಲ್ಲ.

ಇನ್ನೊಂದು ಕೆಲಸ ಉಳಿಯಿತು. ಮುಂದಿನ ಅಮಾವಾಸ್ಯೆ ನೋಡಿ, ಎಲೆಕ್ಟ್ರಿಷಿಯನ್‌ನನ್ನು ಕರೆದುಕೊಂಡು, ಬ್ಯಾಕಪ್ ಆಗಿದೆ ಅಂತ ಖಾತ್ರಿ ಮಾಡಿಕೊಂಡು, ಯುಪಿಎಸ್‌ಗೆ ಬರುವ ಮೇನ್ ಸ್ವಿಚ್ ಇಳಿಸಿ. ಜನರೇಟರ್ ಹಚ್ಚಬೇಡಿ. ಕೈಯಲ್ಲಿ ಗಡಿಯಾರ ಹಿಡಿದು ಸರ್ವರ್ ರೂಮಿನಲ್ಲೇ ನಿಲ್ಲಿ. ಬ್ಯಾಟರಿ ಹೇಳಿದ ಮಟ್ಟಕ್ಕೆ ಇಳಿದಾಗ ಮಷಿನ್‌ಗಳು ಒಂದೊಂದಾಗಿ ಮಲಗಬೇಕು, ಡೇಟಾಬೇಸ್ ತಾನಾಗಿ ಮುಚ್ಚಿಕೊಳ್ಳಬೇಕು, ಕೊನೆಗೆ ಹೋಸ್ಟ್‌ಗಳ ಫ್ಯಾನ್ ಸದ್ದು ನಿಲ್ಲಬೇಕು. ಇಷ್ಟಕ್ಕೂ ಎಷ್ಟು ನಿಮಿಷ ಹಿಡಿಯಿತು, ಆಗ ಬ್ಯಾಟರಿ ಎಷ್ಟು ಉಳಿದಿತ್ತು ಅಂತ ಬಾಗಿಲಿನ ಹಿಂದೆ ಬರೆದು ಅಂಟಿಸಿ. ಕರೆಂಟ್ ವಾಪಸ್ ಕೊಟ್ಟು ಎಲ್ಲ ಎದ್ದ ಮೇಲೆ, ಆರಿಸಿಟ್ಟ ಹಳೆಯ ವಿಸೆಂಟರನ್ನು ಅಳಿಸಿ.